ರುಜುರಾಯರ ಕಾಗದ ಬಂತು ಅಂದರೆ

ದೊಡ್ಡ ಮನುಷ್ಯರು ಸತ್ತರೆ ಸಂತೋಷಪಡುವ ಒಳ್ಳೆಯ ಮನುಷ್ಯರನ್ನು ನಾನು ನೋಡಿದ್ದು ಒಬ್ಬರನ್ನೇ. ಅವರು ನಮ್ಮ ಎದುರುಮನೆಯ ರುಜುರಾಯರು. ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ಅದು ನೀರು ಸರಬರಾಜು ಕಚೇರಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದುಕೊಂಡಿತ್ತು. ಚರಿತ್ರೆಯಲ್ಲಿ ಹೆಸರು ಮಾಡಿದವರು ಸ್ವಂತ ಕೈಯಿಂದ ರುಜು ಹಾಕಿದ ಕಾಗದಗಳನ್ನು ಕೂಡಿಡುವುದು ಅವರ ಹವ್ಯಾಸ. ಅದಕ್ಕೇ ಬೀದಿಯವರು ಈ ಹೆಸರು ಕೊಟ್ಟರು. ಕೊಟ್ಟಾಗ ಅದರಲ್ಲಿ ತಮಾಷೆ ಇತ್ತೇ ಹೊರತು ಭಯ ಇರಲಿಲ್ಲ.

ಇದೆಲ್ಲ ಶುರುವಾದದ್ದು ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ. ರಾಯರು ಮುಖ ನೋಡುವ ಕನ್ನಡಿ ಬೇಕೆಂದು ಹೋಗಿದ್ದರು. ಸಿಕ್ಕಿದ ಚೌಕಟ್ಟಿನೊಳಗೆ ಕನ್ನಡಿಯ ಬದಲು ಒಂದು ಕಾಗದ ಇತ್ತು. ಕೆಳಗಿನ ರುಜು ಓದಿದೊಡನೆ ರಾಯರು ಕನ್ನಡಿಯ ಮಾತು ಬಿಟ್ಟು ಅದನ್ನೇ ಕೊಂಡರು. ಶಾಲೆಯ ಪಾಠದಲ್ಲಿ ಫೋಟೋ ಸಮೇತ ಬರುವ, ಈಗ ದೊಡ್ಡ ಚೌಕದಲ್ಲಿ ಕಲ್ಲಾಗಿ ನಿಂತು ಪಾರಿವಾಳಗಳಿಗೆ ನೆಲೆ ಕೊಟ್ಟಿರುವ ಹಳೆಯ ಮುಖಂಡರ ರುಜು ಅದು. ಒಕ್ಕಣೆ ಮಾತ್ರ ಇಷ್ಟೇ: 'ತಾವು ಮೊನ್ನೆ ನಮ್ಮಲ್ಲಿ ಛತ್ರಿ ಮರೆತು ಹೋಗಿದ್ದೀರಿ. ಯಾರನ್ನಾದರೂ ಕಳಿಸಿ ತರಿಸಿಕೊಳ್ಳತಕ್ಕದ್ದು.' ರಾಯರು ಅದನ್ನು ನಡುಮನೆಯ ಗೋಡೆಗೆ ಹಾಕಿದರು. ಮನೆಗೆ ಬಂದವರೆಲ್ಲ ಅದರ ಮುಂದೆ ನಿಂತು ಛತ್ರಿಯ ವಿಷಯ ಓದಲೇಬೇಕಾಯಿತು. ದೇಶವನ್ನೇ ಹೊತ್ತಿದ್ದ ಮನುಷ್ಯ ಬೇರೆಯವರ ಛತ್ರಿಯನ್ನೂ ಮರೆಯಲಿಲ್ಲ, ಅದು ದೊಡ್ಡತನ ಎಂದು ರಾಯರು ವಿವರಿಸುತ್ತಿದ್ದರು. ಛತ್ರಿ ಕೊನೆಗೆ ಅದರ ಯಜಮಾನನಿಗೆ ಸಿಕ್ಕಿತೇ ಎಂದು ನಾನು ಕೇಳಿದ್ದಕ್ಕೆ ಬಹಳ ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದರು.

ಒಂದು ರುಜು ಬಂದ ಮೇಲೆ ಇನ್ನೊಂದು ಬೇಕಾಯಿತು. ಆದರೆ ಸತ್ತು ಚರಿತ್ರೆ ಸೇರಿದವರ ಕಾಗದ ಗುಮಾಸ್ತನ ಕೈಗೆ ಎಟುಕುವ ಮಾಲಲ್ಲ. ಆಗ ರಾಯರ ತಲೆಗೆ ಒಂದು ಯೋಚನೆ ಹೊಳೆಯಿತು. ಇವತ್ತಿನ ಮುದುಕರೇ ನಾಳಿನ ಚರಿತ್ರೆ. ಹಣ್ಣು ಮರದಲ್ಲಿರುವಾಗಲೇ ಕೇಳಿಟ್ಟುಕೊಂಡರೆ ಆಮೇಲೆ ಸಂತೆಗೆ ಹೋಗಬೇಕಾಗಿಲ್ಲ. ಸರಿ, ಮಾಜಿ ಮಂತ್ರಿಗಳು, ಅಣೆಕಟ್ಟು ಕಟ್ಟಿದವರು, ಒಂದು ಕಾಲದ ಕುಸ್ತಿ ವೀರರು, ಎಲ್ಲರಿಗೂ ಕಾಗದ ಹಾಕಿದರು. ಗಟ್ಟಿಮುಟ್ಟಾಗಿ ಓಡಾಡುವವರಿಂದ ಬಂದ ಉತ್ತರಗಳಲ್ಲಿ ರುಜು ಕಾರ್ಯದರ್ಶಿಯದೋ ರಬ್ಬರ್ ಮೊಹರಿನದೋ ಆಗಿರುತ್ತಿತ್ತು. ಸ್ವಂತ ಕೈಯಿಂದ ಬರೆಯುವವರು ಹಾಸಿಗೆ ಹಿಡಿದವರು ಮಾತ್ರ. ಅವರಿಗೆ ಪುರುಸೊತ್ತು ಇರುತ್ತದೆ, ಕಾರ್ಯದರ್ಶಿ ಆಗಲೇ ಬೇರೆ ಕಡೆ ಕೆಲಸ ಹುಡುಕಿಕೊಂಡಿರುತ್ತಾನೆ. ಒಬ್ಬ ಮಾಜಿ ಮಂತ್ರಿಗಳು ಹೀಗೆ ಬರೆದಿದ್ದರು: 'ನಿಮ್ಮ ಕಾಗದ ಬಂತು. ಈಚೆಗೆ ನನಗೆ ಬರೆದವರು ನೀವೊಬ್ಬರೇ. ಕೆಮ್ಮು ಹಾಗೇ ಇದೆ.'

ಅಲ್ಲಿಂದ ಮುಂದೆ ರಾಯರು ಬೆಳಗಾದರೆ ಪತ್ರಿಕೆಯಲ್ಲಿ 'ಅಸ್ವಸ್ಥ' ಎನ್ನುವ ಪದ ಹುಡುಕತೊಡಗಿದರು. ಸಿಕ್ಕಿದ ದಿನವೇ ಕಾಗದ ಹೊರಡುತ್ತಿತ್ತು: ತಾವು ಬೇಗ ಗುಣವಾಗಬೇಕು, ತಮ್ಮ ಸೇವೆಯನ್ನು ನಾಡು ಮರೆಯುವುದಿಲ್ಲ, ನಾಲ್ಕು ಸಾಲು ಬರೆದು ರುಜು ಮಾಡಬೇಕು. ಬಂದ ಉತ್ತರ ಮೊದಲು ಒಂದು ಬಿಸ್ಕತ್ತಿನ ಡಬ್ಬ ಸೇರುತ್ತಿತ್ತು. ಬರೆದವರು ತೀರಿಕೊಂಡ ದಿನ ಡಬ್ಬದಿಂದ ಹೊರಗೆ ಬಂದು ಗಾಜಿನ ಚೌಕಟ್ಟಿನೊಳಗೆ ಕೂರುತ್ತಿತ್ತು. ಹಾಗಾಗಿ ನಾಡಿಗೆ ನಾಡೇ ಶೋಕದಲ್ಲಿರುವಾಗ ರಾಯರು ಹೊಸ ಅಂಗಿ ತೊಟ್ಟು ಚೌಕಟ್ಟಿನ ಅಂಗಡಿಗೆ ಹೊರಡುತ್ತಿದ್ದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ ಎಂದು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ಮುಖದಲ್ಲಿ ಕಾಣುವ ಸಂತೋಷಕ್ಕೆ ನಾನೇನು ಮಾಡಲಿ.

ಮೊದಲು ಗಮನಿಸಿದವನು ಪೋಸ್ಟ್‌ಮ್ಯಾನ್. ರಾಯರು ಇಲ್ಲಿಂದ ಬರೀತಾರೆ, ಅಲ್ಲಿಂದ ಉತ್ತರ ಬರತ್ತೆ, ಅದರ ಹಿಂದೇನೇ ಪತ್ರಿಕೇಲಿ ಕಪ್ಪು ಅಂಚಿನ ಫೋಟೋ ಬರತ್ತೆ ಎಂದು ಅವನು ಚೌಕಟ್ಟಿನವನಿಗೆ ಹೇಳಿದ. ಚೌಕಟ್ಟಿನವನು ಸ್ವಲ್ಪ ಯೋಚಿಸಿ, ಹೌದಲ್ಲ, ಇವರು ತಂದ ಕಾಗದ ಬರೆದವರು ಒಬ್ಬರೂ ಬದುಕಿಲ್ಲ ಎಂದ. ಸತ್ತವರ ಕಾಗದಕ್ಕೆ ಮಾತ್ರ ಅವರು ಚೌಕಟ್ಟು ಹಾಕಿಸುವುದು ಎಂಬ ಸಣ್ಣ ವಿಷಯ ಇಬ್ಬರಿಗೂ ಹೊಳೆಯಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಬೀದಿ ನಮ್ಮದು. ಸಂಜೆಯ ಹೊತ್ತಿಗೆ ಸುದ್ದಿ ಕೊನೆಯ ಮನೆ ಮುಟ್ಟಿ ವಾಪಸು ಬಂದಿತ್ತು. ನನಗೆ ಕನ್ನಡಕದ ಅಂಗಡಿ ಇದೆ. ಇಲ್ಲದ್ದು ಕಾಣುತ್ತದೆ ಎನ್ನುವವರ ಜೊತೆ ನನಗೆ ದಿನಾ ಬಳಕೆ. ಆದರೂ ಈ ಬಗೆಯ ದೃಷ್ಟಿದೋಷಕ್ಕೆ ನನ್ನ ಹತ್ತಿರ ಗಾಜು ಇರಲಿಲ್ಲ.

ಇದಕ್ಕೆ ಒತ್ತುಗೊಟ್ಟದ್ದು ನಮ್ಮ ಬೀದಿಯ ನಿವೃತ್ತ ನ್ಯಾಯಾಧೀಶರ ಪ್ರಸಂಗ. ಅವರು ಒಂದು ಕಾಲದಲ್ಲಿ ದೊಡ್ಡ ಮೊಕದ್ದಮೆಯೊಂದರ ತೀರ್ಪು ಕೊಟ್ಟವರು. ರಾಯರ ಲೆಕ್ಕದಲ್ಲಿ ಅರ್ಧ ಚರಿತ್ರೆ. ನ್ಯಾಯಾಧೀಶರು ಎರಡು ಸಲ ಸೀನಿದ್ದನ್ನು ಕೇಳಿ ರಾಯರು ಒಂದು ಕಾಗದ ಬರೆದು ಅವರ ಬಾಗಿಲ ಸಂದಿಯಲ್ಲಿ ತೂರಿಸಿದರು. ಲಕೋಟೆಯ ಮೇಲಿನ ಅಕ್ಷರ ನೋಡಿದ ನ್ಯಾಯಾಧೀಶರು ಅದನ್ನು ಒಡೆಯದೆ ವಾಪಸು ಕಳಿಸಿದರು. ಜೊತೆಗೆ ಒಂದು ಚೀಟಿ ಇತ್ತು: 'ನಾನು ಆರೋಗ್ಯವಾಗಿದ್ದೇನೆ. ಇದನ್ನು ದಾಖಲೆಗೆ ತೆಗೆದುಕೊಳ್ಳಿ.' ಆರೋಗ್ಯವಾಗಿರುವುದನ್ನು ಬೀದಿಗೆ ತೋರಿಸಬೇಕಲ್ಲ, ಮಾರನೆಯ ಬೆಳಗ್ಗೆಯಿಂದ ಚಡ್ಡಿ ಹಾಕಿಕೊಂಡು ಓಡತೊಡಗಿದರು. ರಾಯರ ಮನೆಯ ಮುಂದೆ ಬಂದಾಗ ವೇಗ ಹೆಚ್ಚಿಸುತ್ತಿದ್ದರು. ಜೀವಮಾನವೆಲ್ಲ ಕುಳಿತೇ ಕೆಲಸ ಮಾಡಿದ ಆ ದೇಹ ಎಷ್ಟು ದಿನ ತಡೆದೀತು? ಒಂದು ಮುಂಜಾನೆ ರಾಯರ ಗೇಟಿನ ಎದುರಿಗೇ ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ.

ಒಡೆಯದ ಕಾಗದಕ್ಕೇ ಇಷ್ಟು ಶಕ್ತಿ ಇದ್ದರೆ ಒಡೆದು ಓದಿದರೆ ಏನು ಗತಿ ಎಂದು ಬೀದಿ ಕೇಳಿತು. ರಾಯರಿಗೆ ಉಳಿದದ್ದು ನ್ಯಾಯಾಧೀಶರು ರುಜು ಹಾಕಿದ ಆ ಚೀಟಿ. ಅದನ್ನು ಅವರು ಚೌಕಟ್ಟು ಹಾಕಿಸಲು ಒಯ್ದದ್ದು ತಪ್ಪಾಯಿತು. ಚೌಕಟ್ಟಿನವನು ಅಂಗಡಿಯ ಬಾಗಿಲನ್ನು ಒಳಗಿನಿಂದ ಹಾಕಿಕೊಂಡ.

ಇದಾದ ಮೇಲೆ ಮೂಲೆಮನೆಯ ಸೊಸೆ ಒಂದು ಮಧ್ಯಾಹ್ನ ರಾಯರ ಮನೆಗೆ ಬಂದಳು. ನಾನು ಅಲ್ಲೇ ಕಾಫಿ ಕುಡಿಯುತ್ತಿದ್ದೆ. ಆಕೆ ಸುತ್ತಮುತ್ತ ನೋಡಿ, ಸೆರಗಿನ ಮರೆಯಿಂದ ಒಂದು ವಿಳಾಸ ತೆಗೆದು, ನಮ್ಮತ್ತೆಗೂ ಒಂದು ಕಾಗದ ಬರೆದುಕೊಡಿ ಎಂದಳು. ರಾಯರಿಗೆ ಪರಮಾನಂದ. ಕುರ್ಚಿ ಮುಂದಕ್ಕೆ ಎಳೆದುಕೊಂಡು, ನಿಮ್ಮತ್ತೆಯವರು ಯಾವ ಚಳವಳಿಯಲ್ಲಿದ್ದರು ಎಂದು ಕೇಳಿದರು.

"ಚಳವಳಿ ಏನೂ ಇಲ್ಲ. ನಮ್ಮ ಮನೇಲೇ ಇದ್ದಾರೆ," ಎಂದಳು ಆಕೆ.

ಹಾಗಾದರೆ ಸಾರ್ವಜನಿಕ ಸೇವೆ ಏನು ಮಾಡಿದ್ದಾರೆ ಎಂದು ರಾಯರು ಕೇಳಿದರು. ಇನ್ನೂ ಮಾಡಿಲ್ಲ, ನೀವು ಬರೆದರೆ ಮಾಡಬಹುದು ಎಂದು ಆಕೆ ಉತ್ತರ ಕೊಟ್ಟಳು. ರಾಯರಿಗೆ ಅರ್ಥವಾಗಲಿಲ್ಲ. ಆಕೆ ಹೋದ ಮೇಲೆ ನಾನು ಬಿಡಿಸಿ ಹೇಳಬೇಕಾಯಿತು.  ಬೀದಿಯಲ್ಲಿ ತಮ್ಮನ್ನು ಕಂಡವರು ಯಾಕೆ ದಾರಿ ಬದಲಿಸುತ್ತಾರೆ ಎಂಬುದು ಅವರಿಗೆ ತಿಳಿದದ್ದು ಅವತ್ತೇ. ಹೆಂಡತಿಗೆ ಗಂಡನ ಕುಖ್ಯಾತಿ ಕೊನೆಗೆ ತಿಳಿಯುತ್ತದಂತೆ. ರಾಯರ ವಿಷಯದಲ್ಲಿ ಹೆಂಡತಿಗೂ ತಿಳಿದ ಮೇಲೆ ಅವರಿಗೆ ತಿಳಿಯಿತು.

ಕಚೇರಿಗೂ ಇದು ಹರಡಿತು. ಪೈಪು ರಿಪೇರಿ ಇದ್ದಾಗ ಇಂಥ ದಿನ ನೀರು ಬರುವುದಿಲ್ಲ ಎಂದು ಮನೆಮನೆಗೆ ನೋಟಿಸು ಬರೆಯುವುದು ರಾಯರ ಕೆಲಸ. ಜನ ನೋಟಿಸನ್ನು ಕೈಯಿಂದ ಮುಟ್ಟದೆ ಇಕ್ಕಳದಿಂದ ಹಿಡಿದು ಕಚೇರಿಗೆ ತಂದೆಸೆದರು. ನೀರಿಲ್ಲದಿದ್ದರೂ ಸರಿ, ಈ ಅಕ್ಷರ ಮನೆಯೊಳಗೆ ಬೇಡ ಎಂದರು. ಮೇಲಧಿಕಾರಿ ರಾಯರನ್ನು ಕೋಣೆಗೆ ಕರೆದು ಬಹಳ ಮರ್ಯಾದೆಯಿಂದ ಕೂರಿಸಿದರು. ತಾವು ವಿಜ್ಞಾನ ಓದಿದವರು, ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದು ಮೊದಲು ಹೇಳಿದರು. ಆಮೇಲೆ ತಮಗೆ ರಕ್ತದೊತ್ತಡ ಇದೆ ಎಂದರು. ಕೊನೆಗೆ, ನನ್ನ ಹೆಸರು ಇರುವ ಯಾವ ಹಾಳೆಯ ಮೇಲೂ ಇನ್ನು ನೀವು ಬರೆಯತಕ್ಕದ್ದಲ್ಲ ಎಂದು ಬಾಯಿಮಾತಿನ ಆದೇಶ ಮಾಡಿದರು. ಬರೆದು ಕೊಡಿ ಎಂದು ರಾಯರು ಕೇಳಿದರಂತೆ, ಅಧಿಕಾರಿ ಎದ್ದು ಕಿಟಕಿಯ ಹತ್ತಿರ ಹೋದರಂತೆ. ರಾಯರನ್ನು ಮೀಟರುಗಳ ಉಗ್ರಾಣಕ್ಕೆ ಹಾಕಿದರು. ಅಲ್ಲಿ ಬರೆಯುವ ಕೆಲಸ ಇರಲಿಲ್ಲ, ಕೆಟ್ಟ ಮೀಟರುಗಳನ್ನು ನೋಡಿಕೊಂಡು ಕೂರುವುದು ಮಾತ್ರ.

ಬೀದಿ ನಂಬಿದ್ದು ಹೋಗಲಿ, ಕಚೇರಿ ನಂಬಿದ್ದು ಹೋಗಲಿ. ಘೋರವಾದದ್ದು ಏನೆಂದರೆ ಕೆಟ್ಟ ಮೀಟರುಗಳ ನಡುವೆ ಕೂತು ಕೂತು ರಾಯರೇ ನಂಬತೊಡಗಿದರು. ಒಂದು ಸಂಜೆ ನನ್ನ ಅಂಗಡಿಗೆ ಬಂದು, ನಮ್ಮ ಮಾವನಿಗೂ ಹುಟ್ಟುಹಬ್ಬಕ್ಕೆ ನಾನೇ ಬರೆದಿದ್ದೆ ಅಲ್ವಾ, ಅವರೂ ಆ ವರ್ಷವೇ ಹೋದರು ಎಂದರು. ನಿಮ್ಮ ಮಾವನಿಗೆ ವಯಸ್ಸೆಷ್ಟಾಗಿತ್ತು ಎಂದು ನಾನು ಕೇಳಿದೆ. ವಯಸ್ಸಾದವರೆಲ್ಲ ಸಾಯೋದಿಲ್ಲ ಎಂದರು.  ಆಮೇಲೆ ಅವರು ಪೆನ್ನು ಹಿಡಿಯುವುದನ್ನೇ ಬಿಟ್ಟರು. ಸಾಮಾನಿನ ಚೀಟಿಯನ್ನೂ ಹೆಂಡತಿಯೇ ಬರೆದುಕೊಳ್ಳಬೇಕಾಯಿತು, ಯಾಕೆಂದರೆ ಕಿರಾಣಿ ಅಂಗಡಿಯವನು ಒಳ್ಳೆಯವನು, ಚಿಕ್ಕ ಮಕ್ಕಳ ತಂದೆ.

ಇಂಥ ಹೊತ್ತಿನಲ್ಲಿ ರಾಯರ ಅತ್ತಿಗೆಯಿಂದ ಫೋನು ಬಂತು. ಅಣ್ಣನಿಗೆ ಹುಷಾರಿಲ್ಲ, ಡಾಕ್ಟರು ಇನ್ನು ನಮ್ಮ ಕೈಲಿಲ್ಲ ಎಂದು ಮನೆಗೆ ಕಳಿಸಿದ್ದಾರೆ, ಬಂದು ನೋಡಿಕೊಂಡು ಹೋಗು ಎಂದರು.

ಆ ಅಣ್ಣನ ಬಗ್ಗೆ ಇಲ್ಲಿ ಹೇಳಬೇಕು. ಅವರು ಬಾಯ್ಲರ್ ಮಾಡುವ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಸುತ್ತಿಗೆ ಹೊಡೆದವರು. ಕಬ್ಬಿಣದ ಪೀಪಾಯಿಯಂಥ ಬಾಯ್ಲರಿನ ಒಳಗೆ ಕೂತು, ಹೊರಗಿನ ಬಡಿತ ಕೇಳಿ ಕೇಳಿ ಕಿವಿ ಎರಡೂ ಹೋಗಿದ್ದವು. ಗುಡುಗಿದರೂ ಕೇಳಿಸದು. ತುಟಿ ನೋಡಿ ತಿಳಿಯುವ ವಿದ್ಯೆ ಅವರಿಗೆ ಹತ್ತಲಿಲ್ಲ; ಪ್ರಯತ್ನ ಮಾಡಿದಾಗಲೆಲ್ಲ ಇನ್ನೇನೋ ತಿಳಿದುಕೊಂಡು ಜಗಳವಾಗುತ್ತಿತ್ತು. ಹಾಗಾಗಿ ಅವರ ಮನೆಯಲ್ಲಿ ಮಾತೆಲ್ಲ ಕಾಗದದ ಮೇಲೆ. ಪ್ರತಿ ಬಾಗಿಲಿಗೂ ದಾರದಲ್ಲಿ ಒಂದು ಪೆನ್ಸಿಲು ನೇತಾಡುತ್ತಿತ್ತು. ಅತ್ತಿಗೆ ಊಟಕ್ಕೆ ಕರೆಯಬೇಕಾದರೂ ಬರೆದು ತೋರಿಸಬೇಕು. ಅವರು ಮಾತ್ರ ಬಾಯಿಬಿಟ್ಟು, ಕಾರ್ಖಾನೆಯ ಈ ತುದಿಯಿಂದ ಆ ತುದಿಗೆ ಕೇಳುವಂತೆ ಉತ್ತರ ಕೊಡುತ್ತಿದ್ದರು.

ಅಣ್ಣತಮ್ಮಂದಿರ ನಡುವೆ ಒಂದು ಹಳೆಯ ಮುನಿಸೂ ಇತ್ತು. ಅಮ್ಮನ ಜೊತೆ ಜಗಳವಾಡಿ ಮನೆಬಿಟ್ಟು ಕಾರ್ಖಾನೆ ಸೇರಿದ ಅಣ್ಣ, ಅಮ್ಮ ಸಾಯುವಾಗ ಹೇಳಿ ಕಳಿಸಿದರೂ ಬರಲಿಲ್ಲ. ಬಂದಾಗ ಎಲ್ಲ ಮುಗಿದಿತ್ತು. ಅಮ್ಮನ ಕೊನೆಯ ಮಾತು ಕೇಳಿದವರು ರಾಯರು ಒಬ್ಬರೇ, ರಾಯರ ಅಕ್ಕ ಆಗ ಔಷಧಿ ತರಲು ಹೋಗಿದ್ದರು. ಅಮ್ಮ ನನಗೆ ಏನಂದಳು ಎಂದು ಅಣ್ಣ ಕೇಳಲಿಲ್ಲ, ಶಾಪ ಹಾಕಿರಬಹುದು ಎಂಬ ಹೆದರಿಕೆ. ಅವನೇ ಕೇಳಲಿ ಎಂದು ರಾಯರು ಹೇಳಲಿಲ್ಲ, ಅದು ಬಿಗುಮಾನ. ಹೀಗೇ ಇಬ್ಬರೂ ಮುದುಕರಾದರು.

ರಾಯರ ಹೆಂಡತಿ ನನ್ನನ್ನು ಕರೆದು, ನೀವೂ ಜೊತೆಗೆ ಹೋಗಿಬನ್ನಿ ಎಂದು ಕೈಮುಗಿದರು. ದಾರಿಯಲ್ಲಾಗಲಿ ಅಲ್ಲಾಗಲಿ ಅವರ ಕೈಗೆ ಬರೆಯುವ ಸಾಧನ ಸಿಗಬಾರದು. ಅವರ ಅಕ್ಕಭಾವ ಈ ಷರತ್ತಿನ ಮೇಲೆಯೇ ಬರಲು ಒಪ್ಪಿದ್ದಾರೆ, ನಾನೇ ಫೋನಿನಲ್ಲಿ ಅವರಿಗೆಲ್ಲ ಹೇಳಿದ್ದೇನೆ ಎಂದರು. ಕನ್ನಡಕ ಮಾರುವವನಿಗೆ ಈ ಪೊಲೀಸ್ ಕೆಲಸ ಒಪ್ಪುವಂಥದ್ದಲ್ಲ, ಆದರೆ ಆಕೆಯ ಮುಖ ನೋಡಿ ಆಗದು ಎನ್ನಲಾಗಲಿಲ್ಲ. ರೈಲಿನಲ್ಲಿ ಟಿಕೆಟ್ ನೋಡುವವನು ರಾಯರ ಮುಂದೆ ಪೆನ್ನು ಚಾಚಿ ಒಂದು ಸಹಿ ಹಾಕಿ ಎಂದಾಗ ನಾನು ನಡುವೆ ಬಿದ್ದು ನನ್ನ ಸಹಿ ಹಾಕಿದೆ. ರಾಯರು ನನ್ನ ಕಡೆ ನೋಡಿ, ಒಳ್ಳೇದು ಮಾಡಿದಿರಿ, ಪಾಪ ಆ ಮನುಷ್ಯನಿಗೆ ಏನು ಗೊತ್ತು ಎಂದರು.

ಅಣ್ಣನ ಮನೆಯ ಬಾಗಿಲಲ್ಲೇ ರಾಯರ ಅಕ್ಕನ ಗಂಡ, ಭಾವನವರು, ನಿಂತಿದ್ದರು. ಅವರು ಸರ್ಕಾರಿ ಕಚೇರಿಯಲ್ಲಿ ಟಿಪ್ಪಣಿ ಬರೆದು ಬರೆದು ನಿವೃತ್ತರಾದವರು. ರಾಯರ ಜೇಬು ಮುಟ್ಟಿ ನೋಡಿ, ಚೀಲ ಬಿಚ್ಚಿಸಿ, ನನ್ನ ಪೆನ್ನನ್ನೂ ಕಿತ್ತುಕೊಂಡು ಒಂದು ಡಬ್ಬಕ್ಕೆ ಹಾಕಿ ಮುಚ್ಚಳ ಬಿಗಿದರು. ಬಾಗಿಲುಗಳಲ್ಲಿ ದಾರ ಮಾತ್ರ ನೇತಾಡುತ್ತಿತ್ತು, ಪೆನ್ಸಿಲುಗಳನ್ನು ಕತ್ತರಿಸಿ ತೆಗೆದಿದ್ದರು. ಮನೆಯಲ್ಲಿ ಉಳಿದ ಒಂದೇ ಪೆನ್ಸಿಲು ಭಾವನವರ ಕಿವಿಯ ಮೇಲಿತ್ತು. ಅಕ್ಕ ತಮ್ಮನನ್ನು ಅಪ್ಪಿಕೊಂಡು ಅತ್ತರು, ಅಳುತ್ತಲೇ ಅಂಗಿಯ ತೋಳಿನ ಮಡಿಕೆ ತಡವಿ ನೋಡಿದರು. ಅತ್ತಿಗೆ ಒಬ್ಬರೇ ಏನೂ ಹುಡುಕದೆ, ಬಾ, ದಾರಿ ನೋಡ್ತಿದ್ದಾರೆ ಎಂದು ಒಳಗೆ ಕರೆದರು.

ಅಣ್ಣ ಹಾಸಿಗೆಯಲ್ಲಿ ದಿಂಬಿಗೆ ಒರಗಿದ್ದರು. ದೊಡ್ಡ ದೇಹ ಒಳಗಿನಿಂದ ಖಾಲಿಯಾದ ಹಾಗಿತ್ತು, ದನಿ ಮಾತ್ರ ಹಾಗೇ ಇತ್ತು. ತಮ್ಮನನ್ನು ಕಂಡು, ಬಂದ್ಯಾ ಎಂದು ಕಿಟಕಿಯ ಗಾಜು ಅದುರುವಂತೆ ಕೂಗಿದರು.  ಅತ್ತಿಗೆ ಹೊದಿಕೆ ಸರಿಮಾಡಿದರು. ಕೋಣೆಯ ತುಂಬ ನೆಂಟರು ನಿಂತಿದ್ದರು. ಕೊನೆಗೆ ಅಣ್ಣ ಗೋಡೆ ನೋಡುತ್ತ ಕೇಳಿದರು:

"ಅಮ್ಮ ಹೋಗುವಾಗ ನನ್ನ ಬಗ್ಗೆ ಏನಂದ್ಲು? ಈಗಲಾದ್ರೂ ಹೇಳು. ಬೈದಿದ್ರೂ ಪರವಾಗಿಲ್ಲ, ಬರೆದು ತೋರ್ಸು."

ರಾಯರ ಕೈ ತಾನಾಗಿ ಮೇಲೆದ್ದಿತು. ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೆ ಒಂದು ಹೆಜ್ಜೆ ಮುಂದೆ ಬಂದರು. ಅಕ್ಕ ಅವರ ಮುಂಗೈ ಹಿಡಿದುಕೊಂಡರು. ಅಣ್ಣನಿಗೆ ಈ ಕಥೆ ಏನೂ ಗೊತ್ತಿರಲಿಲ್ಲ. ನಿನ್ನ ತಮ್ಮ ಬರೆದರೆ ನೀನು ಸಾಯುತ್ತೀಯ ಎಂದು ಸಾಯುತ್ತಿರುವವನಿಗೆ ಬರೆದು ತೋರಿಸುವವರು ಯಾರು? ಅವರಿಗೆ ಕಂಡದ್ದು ಇಷ್ಟೇ, ತಮ್ಮ ಕೈ ಎತ್ತಿದ, ಆಮೇಲೆ ಇಳಿಸಿಕೊಂಡ. "ಇನ್ನೂ ಕೋಪ ಹೋಗಿಲ್ವೇನೋ ನಿನಗೆ?" ಎಂದರು. ಆ ದನಿಯಲ್ಲಿ ಅದನ್ನು ಕೇಳುವುದು ಕಷ್ಟವಾಗಿತ್ತು. ರಾಯರು ಇಲ್ಲ ಇಲ್ಲ ಎಂದು ತಲೆ ಅಲ್ಲಾಡಿಸಿದರು. ಅಣ್ಣ ಅದನ್ನು, ಹೇಳುವುದಿಲ್ಲ ಎಂದು ತಿಳಿದುಕೊಂಡರು.

ಭಾವನವರು ಪರಿಸ್ಥಿತಿಯನ್ನು ಕೈಗೆ ತೆಗೆದುಕೊಂಡರು. ನೀನು ಬಾಯಲ್ಲಿ ಹೇಳು, ನಾನು ಬರೀತೀನಿ, ನನ್ನ ಕೈ ಶುದ್ಧವಾಗಿದೆ ಎಂದು ಕಿವಿಯಿಂದ ಪೆನ್ಸಿಲು ತೆಗೆದರು. ಎಲ್ಲರನ್ನೂ ಪಕ್ಕದ ಕೋಣೆಗೆ ಕರೆದು ಮೇಜಿನ ಸುತ್ತ ಕೂರಿಸಿದರು. ರಾಯರು ತಲೆ ತಗ್ಗಿಸಿ ಅಮ್ಮನ ಮಾತು ಹೇಳಿದರು:

"ಆ ದೊಡ್ಡ ಕತ್ತೆ ಬಂದರೆ ಮೊದಲು ಊಟ ಹಾಕು, ಆಮೇಲೆ ಬೈಯಿ."

 ಭಾವನವರು ಬರೆಯುವುದನ್ನು ನಿಲ್ಲಿಸಿ, ಸಾಯೋ ಮನುಷ್ಯನಿಗೆ ಕತ್ತೆ ಅಂತ ಬರೆಯೋದು ಯೋಗ್ಯವಲ್ಲ ಎಂದರು. ಅಕ್ಕ ಅದಕ್ಕೆ ಒಪ್ಪಿ, ಅಮ್ಮ ಹಾಗೆ ಅಂದಿರಲಾರಳು, ಮಗ ಅಂದಿರಬೇಕು ಎಂದರು. ದೂರದ ನೆಂಟರೊಬ್ಬರು, ಬೈಯಿ ಅನ್ನುವುದನ್ನು ಬಿಡಿ, ಅದರಿಂದ ಎದೆಗೆ ಪೆಟ್ಟಾದೀತು ಎಂದರು. ಇನ್ನೊಬ್ಬರಿಗೆ ಊಟದ ವಿಷಯವೇ ಸರಿ ಕಾಣಲಿಲ್ಲ, ಪಾಪ ಅವರಿಗೆ ಏನೂ ಸೇರುತ್ತಿಲ್ಲ. ಕತ್ತೆ ಹೋಯಿತು, ಬೈಗುಳ ಹೋಯಿತು, ಊಟ ಅರ್ಧ ಹೋಯಿತು. ಅಮ್ಮ ಹೇಳಿದ್ದು ಅಷ್ಟನ್ನೇ ಎಂದು ರಾಯರು ನಾಲ್ಕೈದು ಸಲ ಹೇಳಿ ನೋಡಿದರು. ಭಾವನವರು ಎರಡು ಕರಡು ಹರಿದು ಹಾಕಿ, ಮೂರನೆಯದನ್ನು ದುಂಡಗೆ ಬರೆದು, ಅಣ್ಣನ ಕಣ್ಣ ಮುಂದೆ ಹಿಡಿದರು. ಅದರಲ್ಲಿ ಹೀಗಿತ್ತು: 'ಜ್ಯೇಷ್ಠ ಪುತ್ರನು ಆಗಮಿಸಿದಲ್ಲಿ ಆತನಿಗೆ ಸೂಕ್ತ ಉಪಚಾರ ಮಾಡತಕ್ಕದ್ದೆಂದು ಮಾತೃಶ್ರೀಯವರು ಅಭಿಪ್ರಾಯಪಟ್ಟಿರುತ್ತಾರೆ.'

ಅಣ್ಣ ಅದನ್ನು ಓದಿದರು. ತುಟಿ ಅಲ್ಲಾಡಿಸಿಕೊಂಡು ಇನ್ನೊಮ್ಮೆ ಓದಿದರು. "ಇದು ನಮ್ಮಮ್ಮನ ಮಾತಲ್ಲ," ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಅಮ್ಮ ಶಾಪ ಹಾಕಿದ್ದು ನಿಜ, ಅದನ್ನು ಮುಚ್ಚಿಡಲು ಇವರೆಲ್ಲ ಸೇರಿ ಏನೋ ಕಟ್ಟಿದ್ದಾರೆ ಎಂದೇ ಅವರು ತಿಳಿದಿರಬೇಕು.  ಭಾವನವರು ಕಾಗದವನ್ನು ಮಡಚಿ, ಸದ್ಯ ವಿಷಯ ತಿಳಿಸಿದ ಹಾಗಾಯ್ತು ಎಂದು ಊಟಕ್ಕೆ ಹೊರಟರು. ಉಳಿದವರೂ ಹೊರಟರು. ರಾಯರನ್ನು ಕಾಯಲು ನನ್ನನ್ನು ಬಿಟ್ಟರು.

ರಾಯರು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತರು. ಕೂತವರು ನನ್ನ ಕಡೆ ತಿರುಗಿ, ಬರೆದರೆ ಇವತ್ತೇ ಹೋಗ್ತಾನೆ, ಬರೆಯದಿದ್ದರೆ ಹೀಗೇ ಹೋಗ್ತಾನೆ, ನೀವೇನಂತೀರಿ ಎಂದು ಕೇಳಿದರು. ಅವರು ತಮಾಷೆ ಮಾಡುತ್ತಿರಲಿಲ್ಲ. ಕಾಗೆ ಕೂತಿತು, ಕೊಂಬೆ ಮುರಿಯಿತು, ಅಷ್ಟೇ ಮಾರಾಯರೇ ಎಂದು ನಾನು ಬೇಕಾದಷ್ಟು ಸಲ ಹೇಳಿದ್ದೆ. ಕಾಗೆಗೇ ನಂಬಿಕೆ ಬಂದುಬಿಟ್ಟರೆ ಯಾರು ಏನು ಮಾಡುವುದು? ಅವರಿಗೆ ಆ ಗಳಿಗೆಯಲ್ಲಿ ಅಣ್ಣನನ್ನು ಕೊಲ್ಲುವುದೋ ಬಿಡುವುದೋ ಎಂಬುದೇ ಪ್ರಶ್ನೆ. ಬಹಳ ಹೊತ್ತು ಅಣ್ಣನ ಬೆನ್ನನ್ನು ನೋಡಿದರು. ಆಮೇಲೆ ಹೊದಿಕೆಯ ಹೊರಗಿದ್ದ ಅಣ್ಣನ ಕೈ ತೆಗೆದುಕೊಂಡು, ಮಡಚಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈ ಮೇಲೆ ತಮ್ಮ ತೋರುಬೆರಳಿನಿಂದ ಬರೆಯತೊಡಗಿದರು.

ನನ್ನನ್ನು ಕಳಿಸಿದ್ದು ಇದನ್ನು ತಡೆಯಲಿಕ್ಕೆ. ನಾನು ಎದ್ದು ಹೋಗಿ ಕಿಟಕಿಯ ಹೊರಗೆ ನೋಡುತ್ತ ನಿಂತೆ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಹಿಂದಿನಿಂದ ಅಣ್ಣನ ದನಿ ಎದ್ದಿತು. ಒಂದೊಂದೇ ಅಕ್ಷರ ತಿಳಿದುಕೊಂಡು, ಗುಡುಗಿನಂಥ ಗಂಟಲಿನಲ್ಲಿ ಹೇಳುತ್ತಿದ್ದರು: "ಆ... ದೊಡ್ಡ... ಕತ್ತೆ." ಊಟ ಮಾಡುತ್ತಿದ್ದ ನೆಂಟರು ಓಡಿಬಂದು ಬಾಗಿಲಲ್ಲಿ ಗುಂಪಾದರು. ಮುಂದೆ ನಿಂತಿದ್ದವರು ಭಾವನವರು. ತಮ್ಮನ್ನೇ ಕರೆದದ್ದು ಎಂದುಕೊಂಡು ಅವರ ಮುಖ ಕೆಂಪಾಯಿತು. ಅವರ ಕೈಯ ಪೆನ್ಸಿಲು ಭದ್ರವಾಗಿಯೇ ಇತ್ತು, ಡಬ್ಬದ ಮುಚ್ಚಳ ಬಿಗಿಯಾಗಿಯೇ ಇತ್ತು. ರಾಯರ ಕೈಯಲ್ಲಿ ಏನೂ ಇಲ್ಲದ್ದರಿಂದ ಏನನ್ನು ಕಿತ್ತುಕೊಳ್ಳಬೇಕು ಎಂಬುದು ಯಾರಿಗೂ ಹೊಳೆಯಲಿಲ್ಲ. ಅಷ್ಟರಲ್ಲಿ ಬರಹ ಮುಗಿದಿತ್ತು.

ಅಣ್ಣ ನಕ್ಕರು. ಬಾಯ್ಲರಿನೊಳಗಿನಿಂದ ಬಂದ ಹಾಗಿತ್ತು ಆ ನಗು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡಿಸಿಕೊಳ್ಳಲಿಲ್ಲ. "ಇದು ಅಮ್ಮ. ಇದು ನಮ್ಮಮ್ಮನೇ," ಎಂದರು. ಆಮೇಲೆ ಹೆಂಡತಿಯ ಕಡೆ ನೋಡಿ, ಊಟ ಹಾಕಬೇಕಂತೆ, ಹಾಕು ಎಂದರು. ದಿನಗಟ್ಟಲೆ ಏನನ್ನೂ ಮುಟ್ಟದಿದ್ದವರು ಅತ್ತಿಗೆಯ ಕೈಯಿಂದ ನಾಲ್ಕು ಚಮಚ ತಿಂದರು. ಬಾಯಿ ಒರೆಸಿಸಿಕೊಂಡು ಅಂಗೈಯನ್ನು ಮತ್ತೆ ತಮ್ಮನ ಮುಂದೆ ಚಾಚಿ, "ಊಟ ಆಯ್ತು. ಈಗ ಬೈಯಿ," ಎಂದರು.

ರಾಯರು ಬೈದರು. ಆ ಮಧ್ಯಾಹ್ನವೆಲ್ಲ ಬೈದರು. ಎಷ್ಟೋ ವರ್ಷ ಕೂಡಿಟ್ಟದ್ದು ಅದು, ಒಂದು ಮುಗಿಯಿತು ಅನ್ನುವಾಗ ಇನ್ನೊಂದು ನೆನಪಾಗುತ್ತಿತ್ತು. ಅಂಗೈ ತುಂಬುವ ಭಯ ಇರಲಿಲ್ಲ, ಬರೆದದ್ದು ಬರೆದ ಹಾಗೆಯೇ ಹೋಗುತ್ತಿತ್ತು. ಅಣ್ಣ ಒಂದೊಂದು ಬೈಗುಳವನ್ನೂ ಗಟ್ಟಿಯಾಗಿ ಹೇಳಿ, ಹೌದು ಎನ್ನುತ್ತಿದ್ದರು; ಒಂದೆರಡಕ್ಕೆ ಮಾತ್ರ, ಇದು ಸುಳ್ಳು ಎಂದು ಜಗಳಕ್ಕೆ ಬಂದರು. ಇಬ್ಬರ ಮುಖದಲ್ಲೂ ಅಂಥ ಸುಖವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಸಂಜೆಗೆ ದನಿ ಸಣ್ಣದಾಯಿತು. ಬೆಳಗಾಗುವಷ್ಟರಲ್ಲಿ ಅಣ್ಣ ಹೋಗಿದ್ದರು, ಅಂಗೈ ಇನ್ನೂ ಬಿಡಿಸಿಕೊಂಡೇ ಇತ್ತು.

ಡಾಕ್ಟರು ಬಂದು ನೋಡಿ, ತಮಗೆ ಆಶ್ಚರ್ಯವಿಲ್ಲ, ಇಷ್ಟು ದಿನ ಉಳಿದದ್ದೇ ಆಶ್ಚರ್ಯ ಎಂದು ಹೇಳಿ ಹೋದರು. ಅವರ ಮಾತು ಯಾರಿಗೆ ಬೇಕು? ಭಾವನವರು ಪಕ್ಕದ ಕೋಣೆಯಲ್ಲಿ ಮತ್ತೆ ಸಭೆ ಸೇರಿಸಿದರು. ಪೆನ್ನು ಕಿತ್ತುಕೊಂಡೆವು, ಪೆನ್ಸಿಲು ಕತ್ತರಿಸಿದೆವು, ಬೆರಳಿನ ವಿಷಯ ನಮ್ಮ ಗಮನಕ್ಕೆ ಬರಲಿಲ್ಲ, ಅದು ನಮ್ಮ ಲೋಪ ಎಂದು ಒಪ್ಪಿಕೊಂಡರು. ಎಲ್ಲರೂ ಲೋಪ ಹೌದೆಂದು ತಲೆದೂಗಿದರು. ನನ್ನನ್ನು ಯಾರೂ ಮಾತಾಡಿಸಲಿಲ್ಲ. ಅಕ್ಕ ಗೋಡೆಗೆ ಅಂಟಿಕೊಂಡು ನಡೆದುಹೋದರು, ತಮ್ಮನ ಕೈ ತಾಗದ ಹಾಗೆ. ಸಮಾಧಾನ ಹೇಳಲು ಬಂದ ಊರವರು ಎಲ್ಲರ ಕೈ ಹಿಡಿದರು, ರಾಯರ ಹತ್ತಿರ ಬಂದಾಗ ಕೈ ಹಿಂದೆ ಕಟ್ಟಿಕೊಂಡರು.

ನಾವು ಹೊರಡುವಾಗ ರಾಯರು ಅಂಗಳದಲ್ಲಿ ಒಬ್ಬರೇ ನಿಂತಿದ್ದರು. ಎರಡೂ ಕೈಗಳನ್ನು ಜೇಬಿನೊಳಗೆ ಹುದುಗಿಸಿಕೊಂಡಿದ್ದರು. ಅತ್ತಿಗೆ ಒಳಗಿನಿಂದ ಬಂದರು. ಅತ್ತು ಅತ್ತು ಆಕೆಯ ಕಣ್ಣು ಊದಿಕೊಂಡಿತ್ತು. ರಾಯರು ಒಂದು ಹೆಜ್ಜೆ ಹಿಂದೆ ಸರಿದು, ನನ್ನಿಂದ ಹೀಗಾಯ್ತು ಅತ್ತಿಗೆ ಎಂದರು.

ಅತ್ತಿಗೆ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ರಾಯರ ಬಲಗೈಯನ್ನು ಜೇಬಿನಿಂದ ಎಳೆದು ತೆಗೆದು, ಎಲ್ಲ ನೆಂಟರೂ ಕಿಟಕಿಯಲ್ಲಿ ನೋಡುತ್ತಿದ್ದ ಹಾಗೆಯೇ, ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

"ನನ್ನ ಸರದಿ ಬಂದಾಗಲೂ ನೀನೇ ಬಾ ಕಣಪ್ಪ," ಎಂದರು. "ಭಾವನ ಕೈಲಿ ಬರೆಸಬೇಡ."